ಕಬ್ಬು ಹೋದ ಮೇಲೆ ಹುಲ್ಲು ಬಂತು

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷ ಕದಂಬರು, ಹೊಯ್ಸಳರು, ವಿಜಯನಗರದ ಅರಸರ ಬಗ್ಗೆ ಒಳ್ಳೊಳ್ಳೆ ಇತಿಹಾಸ ಲೇಖನಗಳು ಬರುತ್ತವೆ. ಈ ಸಲ ನಾನು ಒಂದು ಹುಲ್ಲಿನ ಇತಿಹಾಸ ಬರೆಯುತ್ತಿದ್ದೇನೆ. ಹುಲ್ಲಿಗೆ ಎಂಥಾ ಇತಿಹಾಸ ಅಂತ ನಗಬೇಡಿ. ಈ ಕಥೆಯಲ್ಲಿ ರಾಜರು ಇದ್ದಾರೆ, ಸಾಲ ಇದೆ, ಶ್ರೀಗಂಧ ಇದೆ, ಕಬ್ಬು ಇದೆ, ನಮ್ಮ ಹಾಗೆ ಊರು ಬಿಟ್ಟು ದುಡಿಯಲು ಹೋದ ಲಕ್ಷಾಂತರ ಜನ ಇದ್ದಾರೆ. ಕೊನೆಗೆ ಒಂದು ಕರೆಂಟ್ ತಂತಿಯೂ ಇದೆ.

ನಾನು ಮಂಡ್ಯ ಜಿಲ್ಲೆಯವನು. ಓದಿದ್ದು ಸರ್ಕಾರಿ ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡ್. ಈಗ ಬಹರೇನಿನಲ್ಲಿ ಕೆಲಸ. 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಎಂಬ ಊರು ಸುಟ್ಟುಹೋದ ಸುದ್ದಿ ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ವಿದ್ಯುತ್ ತಂತಿಯಿಂದ ಬೆಂಕಿ ಅಂತ ಇದ್ದದ್ದರಿಂದ ನಾನು ಸ್ವಲ್ಪ ಹೆಚ್ಚೇ ಓದಿದೆ. ಓದುತ್ತಾ ಹೋದಂತೆ ಗೊತ್ತಾದದ್ದು, ತಂತಿ ಬರೀ ಕೊನೆಯ ಅಧ್ಯಾಯ. ಅದಕ್ಕೆ ಮುಂಚೆ ಇನ್ನೂರು ವರ್ಷದ ಕಥೆ ಇದೆ.

ಮಳೆ ಒಂದು ಕಡೆ, ಬಿಸಿಲು ಒಂದು ಕಡೆ

ಹವಾಯಿ ದ್ವೀಪಗಳು ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕದ ಭೂಭಾಗದಿಂದ ಸುಮಾರು 3,800 ಕಿ.ಮೀ. ದೂರದಲ್ಲಿವೆ. ಅದರಲ್ಲಿ ಮಾವಿ ಎಂಬ ದ್ವೀಪದ ವಿಸ್ತೀರ್ಣ ಸುಮಾರು 1,880 ಚದರ ಕಿ.ಮೀ. ನಮ್ಮ ಮಂಡ್ಯ ಜಿಲ್ಲೆಯ ಅರ್ಧವೂ ಇಲ್ಲ. ಆದರೆ ಅಷ್ಟರೊಳಗೇ ಆಗುಂಬೆಯೂ ಇದೆ, ಚಿತ್ರದುರ್ಗವೂ ಇದೆ ಅನ್ನಬಹುದು. ಪಶ್ಚಿಮ ಮಾವಿಯ ಬೆಟ್ಟದ ತುದಿಯಲ್ಲಿ ವರ್ಷಕ್ಕೆ 9,000 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ ಹತ್ತು ಕಿ.ಮೀ. ಕೆಳಗೆ, ಗಾಳಿಗೆ ಮರೆಯಾದ ಕಡಲ ತೀರದಲ್ಲಿ ಲಹೈನಾ. ಅಲ್ಲಿ ಮಳೆ 400 ಮಿ.ಮೀ.ಗೂ ಕಡಿಮೆ. ಆ ಊರಿನ ಹೆಸರಿಗೇ ಉರಿಬಿಸಿಲು ಅಂತ ಅರ್ಥ ಹೇಳುತ್ತಾರೆ.

ಹಾಗಂತ ಅದು ಬೆಂಗಾಡಾಗಿರಲಿಲ್ಲ. ಬೆಟ್ಟದಿಂದ ಇಳಿಯುವ ತೊರೆಗಳ ನೀರನ್ನು ಅಲ್ಲಿನ ಮೂಲ ಜನ ಕಾಲುವೆಗಳಲ್ಲಿ ತಿರುಗಿಸಿ ಕೆಸುವಿನ ಗದ್ದೆ ಮಾಡುತ್ತಿದ್ದರು. ನಮ್ಮ ಭತ್ತದ ಗದ್ದೆ ಥರಾನೇ, ನೀರು ನಿಂತ ಪಾತಿಗಳು. ಕೆಸುವಿನ ಗಡ್ಡೆಯೇ ಅವರ ಮುಖ್ಯ ಆಹಾರ. ಮೀನಿನ ಕೊಳಗಳಿದ್ದವು. ಮಂಗಳೂರು ಕಡೆಯ ಗೆಳೆಯರು ಜೀಗುಜ್ಜೆ ಅನ್ನುವ ಮರ ಇದೆಯಲ್ಲ, ಆ ಮರಗಳ ನೆರಳಿಗೆ ಲಹೈನಾ ಹೆಸರಾಗಿತ್ತು. 1820ರಿಂದ 1845ರ ತನಕ ಹವಾಯಿ ರಾಜ್ಯದ ರಾಜಧಾನಿಯೂ ಅದೇ ಊರು.

ಇನ್ನೊಂದು ಮುಖ್ಯ ವಿಷಯ. ಆ ದ್ವೀಪಗಳಲ್ಲಿ ಕಾಳ್ಗಿಚ್ಚು ತೀರಾ ಅಪರೂಪ. ಜ್ವಾಲಾಮುಖಿಯ ಲಾವಾ ಹರಿದಾಗ, ಎಲ್ಲೋ ಒಮ್ಮೊಮ್ಮೆ ಸಿಡಿಲು ಬಡಿದಾಗ ಬಿಟ್ಟರೆ ಬೆಂಕಿ ಇಲ್ಲ. ಹುಲ್ಲು ಮೇಯುವ ದನ, ಜಿಂಕೆ ಯಾವುದೂ ಇರಲಿಲ್ಲ. ನೆಲದ ಮೇಲಿನ ಸಸ್ತನಿ ಅಂದರೆ ಬಾವಲಿ ಮಾತ್ರ. ಹಾಗಾಗಿ ಅಲ್ಲಿನ ಗಿಡಮರಗಳಿಗೆ ಬೆಂಕಿಯನ್ನು ತಡೆದು ಮತ್ತೆ ಚಿಗುರುವ ಅಭ್ಯಾಸವೇ ಆಗಲಿಲ್ಲ. ಲಕ್ಷಾಂತರ ವರ್ಷ ಶತ್ರುವೇ ಇಲ್ಲದೆ ಬೆಳೆದವು ಅವು.

ಗಂಧ, ದನ, ಆಮೇಲೆ ಕಬ್ಬು

ಮೊದಲು ಪೆಟ್ಟು ಬಿದ್ದದ್ದು ಶ್ರೀಗಂಧಕ್ಕೆ. ನಮ್ಮ ಗಂಧದ ಮರದ ಜಾತಿಗೇ ಸೇರಿದ ಮರಗಳು ಹವಾಯಿಯಲ್ಲೂ ಇವೆ. 1810 ಮತ್ತು 1820ರ ದಶಕಗಳಲ್ಲಿ ಇದನ್ನು ಹಡಗುಗಟ್ಟಲೆ ಚೀನಾಕ್ಕೆ ಮಾರಿದರು. ರಾಜ ಮೊದಲನೇ ಕಾಮೆಹಾಮೆಹಾ 1819ರಲ್ಲಿ ತೀರಿಕೊಂಡ ಮೇಲೆ ಪಾಳೇಗಾರರಂಥ ಮುಖಂಡರು ವಿದೇಶಿ ವ್ಯಾಪಾರಿಗಳಲ್ಲಿ ಸಾಲ ಮಾಡಿ ಬಟ್ಟೆಬರೆ, ಹಡಗು ಕೊಂಡರು. ಸಾಲ ತೀರಿಸಲು 1826ರಲ್ಲಿ ಒಂದು ಕಾನೂನೇ ಬಂತು: ಪ್ರತಿಯೊಬ್ಬ ಗಂಡಸೂ ಇಷ್ಟು ಗಂಧ ಕಡಿದು ತಂದುಕೊಡಬೇಕು, ಇಲ್ಲ ಹಣ ಕಟ್ಟಬೇಕು. ಜನ ಕೆಸುವಿನ ಗದ್ದೆ ಬಿಟ್ಟು ಬೆಟ್ಟ ಹತ್ತಿದರು. ವಾಸನೆಯಿಂದ ಗಂಧದ ಮರ ಪತ್ತೆ ಮಾಡಲು ಕಾಡಿಗೆ ಬೆಂಕಿ ಇಟ್ಟದ್ದೂ ಉಂಟು ಅಂತ ಹೇಳುತ್ತಾರೆ. 1830ರ ಹೊತ್ತಿಗೆ ಗಂಧದ ಕಾಡು ಬಹುಮಟ್ಟಿಗೆ ಮುಗಿದಿತ್ತು.

ಅದರ ಜೊತೆಗೆ ದನ. 1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ರಾಜನಿಗೆ ದನಗಳನ್ನು ಕಾಣಿಕೆ ಕೊಟ್ಟ. ಹತ್ತು ವರ್ಷ ಯಾರೂ ಕೊಲ್ಲಬಾರದು ಅಂತ ರಾಜನ ನಿಷೇಧ. ದನ ಕಾಡುಪಾಲಾಗಿ ಹೆಚ್ಚಿದವು, ಕಾಡಿನ ಎಳೆ ಗಿಡಗಳನ್ನೆಲ್ಲ ಮೇಯ್ದವು. ಆಮೇಲೆ ದನಕ್ಕೆ ಮೇವು ಬೇಕು ಅಂತ ಆಫ್ರಿಕಾ ಮೂಲದ ಹುಲ್ಲುಗಳನ್ನು ತಂದು ಹಾಕಿದರು. ಅದರಲ್ಲಿ ಒಂದು ನಮಗೆ ಚೆನ್ನಾಗಿ ಗೊತ್ತಿರುವ ಗಿನಿ ಹುಲ್ಲು. ಹೌದು, ನಮ್ಮೂರ ಬದುಗಳ ಮೇಲೆ ಹಸುವಿಗೆ ಅಂತ ಬೆಳೆಯುತ್ತಾರಲ್ಲ, ಅದೇ. ಇನ್ನೊಂದು ಬಫೆಲ್ ಹುಲ್ಲು. ಮೂರನೆಯದು ಫೌಂಟನ್ ಹುಲ್ಲು, ಇದನ್ನು 20ನೇ ಶತಮಾನದ ಆರಂಭದಲ್ಲಿ ಅಂಗಳದ ಅಂದಕ್ಕೆ ಅಂತ ತಂದದ್ದು. ತಂದವರಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ.

ಈ ಹುಲ್ಲುಗಳು ತುಂಬಾ ವರ್ಷ ದೊಡ್ಡ ತೊಂದರೆ ಕೊಡಲಿಲ್ಲ. ಯಾಕೆಂದರೆ ಬಯಲಿನ ತುಂಬ ಕಬ್ಬು ಬಂದಿತ್ತು. 1850ರಿಂದ ವಿದೇಶಿಯರು ಅಲ್ಲಿ ಭೂಮಿ ಕೊಳ್ಳಬಹುದು ಅಂತಾಯಿತು. 1860ರ ದಶಕದ ಆರಂಭದಲ್ಲಿ ಲಹೈನಾದಲ್ಲಿ ಪಯೊನಿಯರ್ ಮಿಲ್ ಶುರುವಾಯಿತು. 1876ರಲ್ಲಿ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗುವ ಒಪ್ಪಂದ ಜಾರಿಗೆ ಬಂದದ್ದೇ ತಡ, ಕಬ್ಬಿನ ಕಂಪನಿಗಳು ಬೆಟ್ಟದ ನೀರನ್ನೆಲ್ಲ ಕಾಲುವೆ, ಸುರಂಗ ಮಾಡಿ ತಿರುಗಿಸಿಕೊಂಡವು. ಕೆಸುವಿನ ಗದ್ದೆಗೆ ಹರಿಯುತ್ತಿದ್ದ ತೊರೆ ಒಣಗಿತು. ಕೃಷ್ಣರಾಜಸಾಗರದ ನಾಲೆ ಬಂದ ಮೇಲೆ ಮಂಡ್ಯ ಕಬ್ಬಿನ ನಾಡಾಯಿತು ಅಂತ ನಾವು ಹೆಮ್ಮೆಪಡುತ್ತೇವೆ. ಅಲ್ಲಿ ನಾಲೆ ಬಂದದ್ದು ಗದ್ದೆಯವನ ಬಾಯಿಂದ ನೀರು ಕಿತ್ತುಕೊಂಡು. 1893ರಲ್ಲಿ ರಾಣಿ ಲಿಲಿಯುಓಕಲಾನಿಯನ್ನು ಪಟ್ಟದಿಂದ ಇಳಿಸಿದರು, 1898ರಲ್ಲಿ ದೇಶವನ್ನೇ ಅಮೆರಿಕ ಸೇರಿಸಿಕೊಂಡಿತು. ಆ ಇಳಿಸಿದವರ ಹಿಂದೆ ಸಕ್ಕರೆಯ ಹಿತಾಸಕ್ತಿ ಬಲವಾಗಿ ಇತ್ತು.

ಕತ್ತಿನಲ್ಲಿ ನಂಬರ್ ಬಿಲ್ಲೆ

ಕಬ್ಬು ಕಡಿಯಲು ಜನ ಬೇಕಲ್ಲ. ಹೊರಗಿನಿಂದ ಬಂದ ರೋಗಗಳಿಂದ ಮೂಲ ಹವಾಯಿಯನ್ನರ ಸಂಖ್ಯೆ ಬಹಳ ಕುಸಿದಿತ್ತು. ಆಗ ಶುರುವಾಯಿತು ನೋಡಿ, ನಮಗೆಲ್ಲ ಗೊತ್ತಿರುವ ವ್ಯವಹಾರ: ಏಜೆಂಟ್, ಕರಾರು, ಹಡಗು.

1852ರಲ್ಲಿ ಚೀನಾದಿಂದ ಮೊದಲ ಕರಾರು ಕಾರ್ಮಿಕರು ಬಂದರು. ಐದು ವರ್ಷದ ಕರಾರು, ತಿಂಗಳಿಗೆ 3 ಡಾಲರ್, ಊಟ, ಬಟ್ಟೆ, ವಸತಿ. 1868ರಲ್ಲಿ ಸುಮಾರು 150 ಜಪಾನೀಯರು, 1885ರಿಂದ ಸಾವಿರಾರು. 1878ರಲ್ಲಿ ಪೋರ್ಚುಗೀಸರು, 1900ರಲ್ಲಿ ಪೋರ್ಟೊರಿಕೊದವರು, 1903ರಲ್ಲಿ ಕೊರಿಯನ್ನರು, 1906ರ ಡಿಸೆಂಬರ್‌ನಲ್ಲಿ ಮೊದಲ 15 ಮಂದಿ ಫಿಲಿಪೀನ್ಸಿನವರು. 1850ರಿಂದ 1920ರ ನಡುವೆ ಏಷ್ಯಾದಿಂದಲೇ ಮೂರು ಲಕ್ಷಕ್ಕೂ ಹೆಚ್ಚು ಜನ ಆ ಪುಟ್ಟ ದ್ವೀಪಗಳಿಗೆ ಹೋದರು.

ಕೆಲಸ ಬಿಟ್ಟು ಓಡಿದರೆ ಜೈಲು ಅನ್ನುವ 1850ರ ಕಾನೂನು 1900ರ ತನಕ ಇತ್ತು. ಕುದುರೆ ಮೇಲೆ ಮೇಸ್ತ್ರಿ. ಪ್ರತಿ ಕಾರ್ಮಿಕನಿಗೂ ನಂಬರ್ ಹಾಕಿದ ಲೋಹದ ಬಿಲ್ಲೆ, ಅದಕ್ಕೆ ಬಾಂಗೊ ಅನ್ನುತ್ತಿದ್ದರು. ಸಂಬಳದ ದಿನ, ಅಂಗಡಿಯಲ್ಲಿ ಸಾಲ ತೆಗೆಯುವಾಗ, ಎಲ್ಲ ಕಡೆಯೂ ಹೆಸರಲ್ಲ, ಬಿಲ್ಲೆಯ ನಂಬರ್. ಯಾವ ದೇಶದವನು ಅನ್ನುವುದರ ಮೇಲೆ ಬಿಲ್ಲೆಯ ಆಕಾರವೂ ಬೇರೆ, ಸಂಬಳವೂ ಬೇರೆ. 1909ರಲ್ಲಿ ಓವಾಹು ದ್ವೀಪದ ಜಪಾನೀಯರು ಮುಷ್ಕರ ಹೂಡಿದ್ದು ಇದಕ್ಕೇ. ಒಂದೇ ಕೆಲಸಕ್ಕೆ ಅವರಿಗೆ ತಿಂಗಳಿಗೆ 18 ಡಾಲರ್, ಪೋರ್ಚುಗೀಸರಿಗೆ ಮತ್ತು ಪೋರ್ಟೊರಿಕೊದವರಿಗೆ 22 ಡಾಲರ್ 50 ಸೆಂಟ್. ಒಂದು ದೇಶದವರು ಮುಷ್ಕರ ಹೂಡಿದರೆ ಇನ್ನೊಂದು ದೇಶದವರನ್ನು ತಂದು ಕೆಲಸ ಮಾಡಿಸುವುದು ಕಂಪನಿಗಳ ಲೆಕ್ಕಾಚಾರ. ಕೊನೆಗೆ 1946ರಲ್ಲಿ ಎಲ್ಲ ಭಾಷೆಯವರೂ ಒಂದೇ ಸಂಘದಲ್ಲಿ ಸೇರಿ 79 ದಿನ ಮುಷ್ಕರ ಮಾಡಿದರು. ಸುಮಾರು 26,000 ಕಾರ್ಮಿಕರು. ಗೆದ್ದರು.

ಇಷ್ಟು ಯಾಕೆ ಬರೆದೆ ಅಂದರೆ, ಲಹೈನಾ ಊರು ಕಟ್ಟಿದ್ದು ಈ ಜನ. ಕರಾರು ಮುಗಿದ ಮೇಲೂ ಎಷ್ಟೋ ಮಂದಿ ಅಲ್ಲೇ ಉಳಿದರು. ಮಕ್ಕಳು, ಮೊಮ್ಮಕ್ಕಳು ಆದರು. ಕಬ್ಬು ಹೋಗಿ ಹೋಟೆಲುಗಳು ಬಂದಾಗ ಆ ಮಕ್ಕಳು, ಹೊಸದಾಗಿ ಬಂದ ಅವರ ನೆಂಟರು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು. 2023ರಲ್ಲಿ ಲಹೈನಾದ ಜನರಲ್ಲಿ ನೂರಕ್ಕೆ ಸುಮಾರು 40 ಮಂದಿ ಫಿಲಿಪೀನ್ಸ್ ಮೂಲದವರು.

ಹುಲ್ಲು ಹೇಗೆ ಗೆಲ್ಲುತ್ತದೆ

ಬೇರೆ ದೇಶಗಳಲ್ಲಿ ಸಕ್ಕರೆ ಅಗ್ಗವಾಗಿ ತಯಾರಾಗತೊಡಗಿತು. ಹವಾಯಿಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಯೊನಿಯರ್ ಮಿಲ್ 1999ರಲ್ಲಿ ನಿಂತಿತು. ಮಾವಿಯ ನಡುಭಾಗದಲ್ಲಿ ಇದ್ದ ಕೊನೆಯ ಕಬ್ಬಿನ ತೋಟ ಸುಮಾರು 36,000 ಎಕರೆ, ಅದು 2016ರ ಡಿಸೆಂಬರ್‌ನಲ್ಲಿ ಮುಗಿಯಿತು. ನೀರು ಹಾಯಿಸುವವರು ಹೋದರು, ಕಳೆ ತೆಗೆಯುವವರು ಹೋದರು, ತೋಟದ ರಸ್ತೆ ಸವರುವವರು ಹೋದರು. ಭೂಮಿ ಬೀಳು ಬಿತ್ತು. ಬೀಳು ಭೂಮಿಗೆ ಕಾಯುತ್ತಾ ಕೂತಿದ್ದದ್ದು ಈ ಹುಲ್ಲು. ಇವತ್ತು ಹವಾಯಿಯ ನೆಲದ ಕಾಲು ಭಾಗದಷ್ಟು ಹೊರಗಿನಿಂದ ಬಂದ ಹುಲ್ಲು, ಕುರುಚಲಿನ ಕೈಯಲ್ಲಿದೆ.

ಇನ್ನು ಬೆಂಕಿ ಹುಲ್ಲಿಗೆ ಹೇಗೆ ಸಹಾಯ ಮಾಡುತ್ತದೆ ಅನ್ನುವುದು. ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳುತ್ತೇನೆ. ದಪ್ಪ ಕೇಬಲ್‌ಗೂ ಫ್ಯೂಸ್ ತಂತಿಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಫ್ಯೂಸ್ ತಂತಿ ಸಣ್ಣ, ತಕ್ಷಣ ಬಿಸಿಯಾಗಿ ಕರಗುತ್ತದೆ. ಮರದ ದಿಮ್ಮಿ ದಪ್ಪ ಕೇಬಲ್ ಇದ್ದ ಹಾಗೆ, ಒಣಗಲೂ ಹೊತ್ತು ಬೇಕು, ಹೊತ್ತಲೂ ಹೊತ್ತು ಬೇಕು. ಹುಲ್ಲಿನ ಎಸಳು ಫ್ಯೂಸ್ ತಂತಿ. ಬೆಳಗ್ಗೆ ಇಬ್ಬನಿಯಲ್ಲಿ ನೆನೆದದ್ದು ಬಿಸಿಲು ಗಾಳಿಗೆ ಒಂದೆರಡು ಗಂಟೆಯಲ್ಲಿ ಉರಿಯಲು ತಯಾರು.

ಎರಡನೆಯದು ಗ್ಯಾಪ್. ಎರಡು ಬಸ್‌ಬಾರ್‌ಗಳ ನಡುವೆ ಗಾಳಿಯ ಅಂತರ ಬಿಟ್ಟಿರುತ್ತೇವೆ, ಕರೆಂಟ್ ದಾಟದಿರಲಿ ಅಂತ. ಹವಾಯಿಯ ಒಣ ಪ್ರದೇಶದ ಹಳೇ ಕಾಡಿನಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರಿಯ ಮಣ್ಣು, ಕಲ್ಲು, ಲಾವಾ ಬಂಡೆ ಇರುತ್ತಿತ್ತು. ಒಂದು ಗಿಡಕ್ಕೆ ಬೆಂಕಿ ತಗುಲಿದರೂ ಮುಂದಿನದಕ್ಕೆ ದಾಟುವುದು ಕಷ್ಟ. ಹುಲ್ಲು ಬಂದು ಆ ಗ್ಯಾಪ್ ಎಲ್ಲ ತುಂಬಿತು. ಅಂದರೆ ಶಾರ್ಟ್ ಆಯಿತು.

ಮೂರನೆಯದು ಬೆಂಕಿ ಆದ ಮೇಲಿನ ಕಥೆ. ಹುಲ್ಲಿನ ಚಿಗುರುವ ಕಣ್ಣು ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡು ಇರುತ್ತದೆ. ಹುಲ್ಲಿನ ಬೆಂಕಿ ಸರ್ರನೆ ಹಾದು ಹೋಗುತ್ತದೆ, ಮಣ್ಣಿನ ಒಳಗೆ ಬಿಸಿ ಆಳಕ್ಕೆ ಇಳಿಯುವುದಿಲ್ಲ. ಬೇರಿನಲ್ಲಿ ಆಹಾರ ಇದೆ. ಮಳೆ ಬಿದ್ದರೆ ಕೆಲವೇ ವಾರದಲ್ಲಿ ಹಸಿರು. ಮೇಲಿನ ಮರ ಸತ್ತು ಬಿಸಿಲು ಪೂರ್ತಿ ಅದಕ್ಕೇ ಸಿಗುತ್ತದೆ, ಬೂದಿ ಗೊಬ್ಬರವಾಗುತ್ತದೆ. ಬೆಂಕಿ ಕಾಣದ ನಾಡಿನ ಮರ ಸತ್ತರೆ ಸತ್ತಂತೆ. ಎಲ್ಲೋ ಒಂದು ಬೀಜ ಮೊಳೆತರೂ ಆಳೆತ್ತರದ ಹುಲ್ಲಿನ ನೆರಳಲ್ಲಿ ಮೇಲೇಳುವುದಿಲ್ಲ. ಮುಂದಿನ ಬೇಸಿಗೆಗೆ ಹುಲ್ಲು ಇನ್ನೂ ಹೆಚ್ಚು, ಬೆಂಕಿ ಇನ್ನೂ ದೊಡ್ಡದು. ಪ್ರತಿ ಬೆಂಕಿಗೂ ಕಾಡಿನ ಅಂಚು ಒಂದಿಷ್ಟು ಹಿಂದೆ ಸರಿಯುತ್ತದೆ, ಹುಲ್ಲು ಒಂದಿಷ್ಟು ಮುಂದೆ ಬರುತ್ತದೆ.

ಕಾರ್ಲಾ ಡಿ ಆಂಟೋನಿಯೊ ಮತ್ತು ಪೀಟರ್ ವಿಟೊಸೆಕ್ ಎಂಬ ವಿಜ್ಞಾನಿಗಳು 1992ರಲ್ಲಿ ಇದಕ್ಕೆ ಹುಲ್ಲು-ಬೆಂಕಿ ಚಕ್ರ ಅಂತ ಹೆಸರಿಟ್ಟು ಬರೆದರು. ಹವಾಯಿಯ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದಲ್ಲಿ 1960ರ ದಶಕದ ಕೊನೆಯಿಂದ ಹೊರಗಿನ ಹುಲ್ಲು ಹಬ್ಬಿದ ಮೇಲೆ ಬೆಂಕಿ ಬೀಳುವುದು ಸುಮಾರು ಮೂರು ಪಟ್ಟು, ಒಂದೊಂದು ಬೆಂಕಿಯ ವಿಸ್ತಾರ ಸುಮಾರು 60 ಪಟ್ಟು ಹೆಚ್ಚಾಯಿತು ಅಂತ ಅಲ್ಲಿನ ದಾಖಲೆ ಹೇಳುತ್ತದೆ. ಅಲ್ಲಿ ಒಂದು ವಿಚಿತ್ರವೂ ನಡೆಯಿತು. ಕಾಡು ಉಳಿಸಲು 1970ರ ದಶಕದಲ್ಲಿ ಕಾಡುಮೇಕೆಗಳನ್ನು ತೆಗೆದರು. ಗಿಡ ತಿನ್ನುವ ಮೇಕೆ ಹೋಯಿತು, ಸರಿ. ಆದರೆ ಹುಲ್ಲನ್ನು ಮೇಯ್ದು ಹಿಡಿತದಲ್ಲಿ ಇಟ್ಟಿದ್ದೂ ಅದೇ ಮೇಕೆ. ದ್ವೀಪದಲ್ಲಿ ಒಂದು ಸ್ವಿಚ್ ಒತ್ತಿದರೆ ಇನ್ನೆಲ್ಲೋ ಲೈಟ್ ಹತ್ತುತ್ತದೆ.

2023ರ ಆಗಸ್ಟ್ 8

ಎಚ್ಚರಿಕೆ ಮೊದಲೇ ಇತ್ತು. 2014ರ ಒಂದು ಬೆಂಕಿ ಮುನ್ನೆಚ್ಚರಿಕೆ ಯೋಜನೆಯಲ್ಲಿ ಲಹೈನಾಗೆ ಅಪಾಯ ಹೆಚ್ಚು ಅಂತ ಬರೆದಿತ್ತು. 2018ರ ಆಗಸ್ಟ್‌ನಲ್ಲಿ ಲೇನ್ ಎಂಬ ಚಂಡಮಾರುತದ ಗಾಳಿಗೆ ಅದೇ ಊರಿನ ಹತ್ತಿರ 2,000ಕ್ಕೂ ಹೆಚ್ಚು ಎಕರೆ ಸುಟ್ಟು, ಸುಮಾರು 20 ಮನೆ ಹೋಗಿದ್ದವು.

2023ರ ಆಗಸ್ಟ್ 8ರಂದು ಡೋರಾ ಚಂಡಮಾರುತ ದ್ವೀಪಗಳಿಂದ ನೂರಾರು ಕಿ.ಮೀ. ದಕ್ಷಿಣಕ್ಕೆ ಹಾದು ಹೋಗುತ್ತಿತ್ತು. ಉತ್ತರದಲ್ಲಿ ಹೆಚ್ಚಿನ ಒತ್ತಡ. ಇವೆರಡರ ನಡುವೆ ಬೆಟ್ಟದಿಂದ ಇಳಿದ ಗಾಳಿ ಗಂಟೆಗೆ 100 ಕಿ.ಮೀ. ಆಸುಪಾಸು. ಬೆಳಗ್ಗೆ 6:35ರ ಹೊತ್ತಿಗೆ ಊರಿನ ಮೇಲುಭಾಗದಲ್ಲಿ ಬೆಂಕಿ. 2024ರ ಅಕ್ಟೋಬರ್‌ನಲ್ಲಿ ಬಂದ ಅಧಿಕೃತ ತನಿಖಾ ವರದಿ ಪ್ರಕಾರ, ತುಂಡಾಗಿದ್ದ ವಿದ್ಯುತ್ ತಂತಿಗೆ ಮತ್ತೆ ಕರೆಂಟ್ ಹರಿದು, ಕೆಳಗೆ ಯಾರೂ ಸವರದೆ ಬೆಳೆದಿದ್ದ ಒಣ ಗಿಡ-ಹುಲ್ಲಿಗೆ ಕಿಡಿ ಬಿತ್ತು. ಅಗ್ನಿಶಾಮಕ ದಳ ಬಂದು ನಂದಿಸಿತು, ಗಂಟೆಗಟ್ಟಲೆ ಕಾದಿತು, ಮಧ್ಯಾಹ್ನ 2 ಗಂಟೆ ಕಳೆದ ಮೇಲೆ ಹೊರಟಿತು. 3 ಗಂಟೆಗೆ ಸ್ವಲ್ಪ ಮುಂಚೆ ಅದೇ ಜಾಗದ ಬೆಂಕಿ ಮತ್ತೆ ಎದ್ದಿತು. ಆಮೇಲೆ ಯಾರ ಕೈಗೂ ಸಿಗಲಿಲ್ಲ. ಸುಟ್ಟ ಮನೆಗಳ ಪೈಪುಗಳಿಂದ ನೀರು ಸೋರಿ ಹೈಡ್ರಂಟ್‌ಗಳಲ್ಲಿ ಒತ್ತಡ ಇಲ್ಲವಾಯಿತು. ಸೈರನ್ ಕೂಗಲಿಲ್ಲ. 102 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ಸುಮಾರು 2,200 ಕಟ್ಟಡ ಹೋದವು. 1873ರಲ್ಲಿ ಭಾರತದಿಂದ ತಂದು ನೆಟ್ಟಿದ್ದ ಒಂದು ದೊಡ್ಡ ಆಲದ ಮರ ಊರ ನಡುವೆ ಇದೆ. ಅದೂ ಸುಟ್ಟಿತು, ಆದರೆ ಕೆಲವೇ ವಾರಗಳಲ್ಲಿ ಮತ್ತೆ ಚಿಗುರಿತು. ಪಯೊನಿಯರ್ ಮಿಲ್ಲಿನ ಹೊಗೆ ಚಿಮಣಿ ಈಗಲೂ ನಿಂತಿದೆ.

ನಮ್ಮ ಕೆಲಸದವರು ಒಂದು ಮಾತು ಗಮನಿಸಬೇಕು. ಟ್ರಿಪ್ ಆದ ಲೈನನ್ನು ನೋಡದೆ ಮತ್ತೆ ಚಾರ್ಜ್ ಮಾಡುವುದು ಎಷ್ಟು ಅಪಾಯ ಅಂತ ಐಟಿಐ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಅದೇ ಕಿಡಿ ನೀರು ನಿಂತ ಕೆಸುವಿನ ಗದ್ದೆಗೆ ಬಿದ್ದಿದ್ದರೆ? ಚಂಯ್ ಅಂತ ಆರಿಹೋಗುತ್ತಿತ್ತು. ಕಿಡಿಗೆ ಒಂದು ಕ್ಷಣ ಸಾಕು. ಆ ಕಿಡಿ ಊರು ಸುಡಬೇಕಾದರೆ ನೂರೈವತ್ತು ವರ್ಷದ ತಯಾರಿ ಬೇಕಾಯಿತು.

ಹುಲ್ಲಿನ ತಪ್ಪೇ?

ಗಿನಿ ಹುಲ್ಲು ಕೆಟ್ಟದ್ದು ಅಂತ ನಾನು ಹೇಳಲಾರೆ. ನಮ್ಮ ಮನೆಯ ಹಸು ಅದನ್ನೇ ತಿಂದು ಡೇರಿಗೆ ಹಾಲು ಕೊಡುತ್ತದೆ. ನಮ್ಮವ್ವ ಅದನ್ನು ಒಣಗುವ ತನಕ ಬಿಟ್ಟರೆ ತಾನೆ! ಕುಡುಗೋಲು ಹಿಡಿದು ತಿಂಗಳು ಒಂದೂವರೆ ತಿಂಗಳಿಗೆ ಕೊಯ್ಯುತ್ತಲೇ ಇರುತ್ತಾರೆ. ನೋಡಿಕೊಳ್ಳುವ ಕೈ ಇದ್ದರೆ ಅದು ಮೇವು, ಇಲ್ಲದಿದ್ದರೆ ಅದು ಮದ್ದು. ಹವಾಯಿಯಲ್ಲಿ ಲಾಭ ಇರುವ ತನಕ ಜನರನ್ನು ಹಡಗಿನಲ್ಲಿ ತಂದರು, ಲಾಭ ಮುಗಿದ ದಿನ ಭೂಮಿಯನ್ನು ನೋಡುವ ಕೈಗಳನ್ನೂ ಮನೆಗೆ ಕಳಿಸಿದರು. ಭೂಮಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಾಲೀಕರು ಬಿಟ್ಟು ಹೋದದ್ದರ ಬೆಲೆ ಕೊಟ್ಟವರು ಅಲ್ಲೇ ಉಳಿದಿದ್ದ ಕೂಲಿಕಾರರ ಮೊಮ್ಮಕ್ಕಳು.

ಈಗ ಅಲ್ಲಿ ಆಗುತ್ತಿರುವ ಕೆಲಸಗಳೂ ಇವೆ. ಬೆಂಕಿ ತಡೆ ಪಟ್ಟಿ ಬಿಡುವುದು, ರಸ್ತೆ ಬದಿ ಹುಲ್ಲು ಸವರುವುದು, ಬೇಲಿ ಹಾಕಿ ಲೆಕ್ಕವಾಗಿ ಆಡು-ದನ ಮೇಯಿಸುವುದು, ಸ್ಥಳೀಯ ಮರಗಳನ್ನು ಮತ್ತೆ ನೆಡುವುದು. ತೊರೆಯ ನೀರು ಮರಳಿ ಪಡೆದು ಕೆಸುವಿನ ಗದ್ದೆ ಎಬ್ಬಿಸುವ ಮೂಲ ಹವಾಯಿಯನ್ನರ ಹೋರಾಟ ಬೆಂಕಿಗೂ ಮುಂಚಿನಿಂದ ನಡೆಯುತ್ತಿದೆ. ನೀರಿರುವ ಗದ್ದೆಗಿಂತ ಒಳ್ಳೆಯ ಬೆಂಕಿ ತಡೆ ಪಟ್ಟಿ ಯಾವುದಿದೆ ಹೇಳಿ.

ನಮ್ಮ ಕಡೆಗೂ ಇದು ಅಷ್ಟು ದೂರದ ವಿಷಯ ಅಲ್ಲ. ಅಂದಕ್ಕೆ ಅಂತ ಬಂದ ಲಂಟಾನ ಬಂಡೀಪುರದಲ್ಲಿ ಎಷ್ಟು ಹಬ್ಬಿದೆ ಗೊತ್ತಲ್ಲ, 2019ರ ಫೆಬ್ರವರಿಯ ಬೆಂಕಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟಿತು. ಜೋತುಬಿದ್ದ ತಂತಿ ತಗುಲಿ ಕಬ್ಬಿನ ಗದ್ದೆ ಉರಿದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ ಬಂದೇ ಬರುತ್ತದೆ. ನಾವೆಲ್ಲ ಇಲ್ಲಿ ದುಡಿಯುತ್ತಿರುವಾಗ ಊರಲ್ಲಿ ಎಷ್ಟು ಜನರ ಹೊಲ ಬೀಳು ಬಿದ್ದಿದೆ, ಲೆಕ್ಕ ಹಾಕಿ. ರಜೆಗೆ ಹೋದಾಗ ಮದುವೆ, ಜಾತ್ರೆ ಮುಗಿಸಿಕೊಂಡು ಒಂದು ದಿನ ಹೊಲದ ಕಡೆ ನಡೆಯಿರಿ. ತಂತಿ ಜೋತಿದ್ದರೆ ವಿದ್ಯುತ್ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ನೀವೇ ಕೋಲು ಹಿಡಿದು ಮುಟ್ಟಲು ಹೋಗಬೇಡಿ. ತಂತಿಯ ಕೆಳಗಿನ ಒಣಹುಲ್ಲು, ಕಬ್ಬಿನ ತರಗು ಸವರಿಸಿ. ಉಳುಮೆಗೆ ಆಗದಿದ್ದರೆ ಗುತ್ತಿಗೆಗೋ ವಾರಕ್ಕೋ ಕೊಡಿ, ಅದೂ ಆಗದಿದ್ದರೆ ಪಕ್ಕದ ಮನೆಯವರ ಕುರಿ ಮೇಯಲು ಬಿಡಿ. ಹಣ ಕಡಿಮೆ ಬಂದರೂ ಪರವಾಗಿಲ್ಲ, ಆ ನೆಲಕ್ಕೆ ವಾರಕ್ಕೊಮ್ಮೆಯಾದರೂ ಒಬ್ಬರ ಕಾಲು ಸೋಕಲಿ.